ಸದ್ದಿಲ್ಲದ ರಸ್ತೆಯ ಹಳದಿ ಫಲಕ

ಏರಿನ ತುದಿಯಲ್ಲಿ ಯೋಸ್ತ್ ಸೈಕಲ್ ನಿಲ್ಲಿಸಿದ. ಏದುಸಿರು ಬಿಡುತ್ತಲೇ ರಸ್ತೆಯಂಚಿನ ಹಳದಿ ಫಲಕವನ್ನು ಜೋರಾಗಿ ಓದಿದ: ‘ಎಚ್ಚರಿಕೆ. ಬೇಟೆ ನಡೆಯುತ್ತಿದೆ.’

“ಇದೇನು ಸೊಲಾಂಜ್, ಮುಂದೆ ಹೋಗ್ಬಹುದಾ ನಾವು?”

“ಹೋಗ್ಬಹುದು. ಅದು ಯಾವಾಗ್ಲೂ ಅಲ್ಲೇ ಇರುತ್ತೆ,” ಎಂದಳು ಸೊಲಾಂಜ್. “ಸೆಪ್ಟೆಂಬರಲ್ಲಿ ನೆಡ್ತಾರೆ, ಬೇಟೆ ಕಾಲ ಮುಗಿಯೋವರೆಗೂ ಕೀಳಲ್ಲ. ಬೆಳಿಗ್ಗೆ ನೆಟ್ಟು ಸಂಜೆ ಕೀಳಬೇಕು ಅಂತ ಕಾನೂನೇನೋ ಇದೆ. ಹಾಗೆ ಮಾಡಿದ್ರೆ ನಮ್ಮೂರ ಗಂಡಸರ ಸೊಂಟ ಮುರಿದು ಹೋಗುತ್ತಲ್ಲ.”

“ಮತ್ತೆ ನಿಜವಾಗ್ಲೂ ಬೇಟೆ ಇದ್ದಾಗ ನಿಮಗೆ ಹೇಗೆ ಗೊತ್ತಾಗುತ್ತೆ?”

“ವ್ಯಾನ್ ನೋಡಿ. ಕೆಳಗೆ ಹಳೇ ಚರ್ಚ್ ದಾಟಿ ಬಂದ್ವಲ್ಲ, ಬೇಟೆ ದಿನ ಅದರ ಮುಂದೆ ಬೇಟೆಗಾರರ ಬಿಳಿ ವ್ಯಾನುಗಳು ಸಾಲಾಗಿ ನಿಂತಿರ್ತವೆ. ಇವತ್ತು ಒಂದಾದ್ರೂ ಕಾಣ್ತಾ?”

“ಮರದ ದಿಮ್ಮಿ ಕಂಡ್ವು,” ಎಂದಳು ಯೋಸ್ತ್‌ನ ಹೆಂಡತಿ ಗ್ರೀತ್.

“ದಿಮ್ಮಿಗಳು ಗುಂಡು ಹಾರಿಸಲ್ಲ ಬಿಡಿ.”

ಮೂವರೂ ನಕ್ಕರು. ವೆರ್ನೆಡ್ ಊರಿನಲ್ಲಿ ಹುಟ್ಟಿ ಬೆಳೆದ ಯಾರನ್ನು ಕೇಳಿದರೂ ಇದೇ ಉತ್ತರ ಸಿಗುತ್ತಿತ್ತು. ಫಲಕವನ್ನು ಅಲ್ಲಿ ಯಾರೂ ಓದುತ್ತಿರಲಿಲ್ಲ, ವ್ಯಾನುಗಳನ್ನು ಓದುತ್ತಿದ್ದರು. ಅಂಚೆಯವಳು ಹಾಗೆಯೇ ಬರುತ್ತಿದ್ದಳು, ಅಣಬೆ ಕೀಳುವವರೂ ಹಾಗೆಯೇ.

ಯೋಸ್ತ್ ಬೆಲ್ಜಿಯಂನ ಗೆಂಟ್ ಊರಿನಲ್ಲಿ ಬದುಕೆಲ್ಲ ಟ್ರಾಮ್ ಓಡಿಸಿ ನಿವೃತ್ತನಾದವನು. ಗಂಟೆ, ಬ್ರೇಕು, ಬೈಗುಳ, ಇವುಗಳಲ್ಲೇ ಕಿವಿ ಸವೆದಿತ್ತು. ಹೋದ ವರ್ಷ ಮೊದಲ ಸಲ ಬಂದಾಗ, ಇಡೀ ಬೆಳಗು ಒಂದು ಕಾರೂ ಎದುರಾಗದ್ದನ್ನು ಕಂಡು ಸೊಲಾಂಜ್‌ಳ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟಿದ್ದ. ಈ ವರ್ಷ ಚೆಸ್ಟ್‌ನಟ್ ಕಾಯಿ ಉದುರುವ ಕಾಲ ನೋಡಿಕೊಂಡು ಮತ್ತೆ ಬಂದಿದ್ದರು. ಸೊಲಾಂಜ್‌ಳ ಕಸುಬೇ ಅದು: ಮಹಡಿಯ ಕೋಣೆಗಳಲ್ಲಿ ಸೈಕಲ್ಲಿನವರನ್ನು ಇಟ್ಟುಕೊಳ್ಳುವುದು, ಕಾರು ಕಾಣದ ರಸ್ತೆಗಳಲ್ಲಿ ಅವರನ್ನು ಕರೆದುಕೊಂಡು ಹೋಗುವುದು. ಶಾಲೆ ಮುಚ್ಚಿತ್ತು, ಬಸ್ಸು ನಿಂತಿತ್ತು, ರೈಲುಹಳಿಯನ್ನು ಕಿತ್ತು ಮಾರಿದ್ದರು. ಊರನ್ನು ಹೀಗೆ ಬರಿದು ಮಾಡಿದವರು ಕೊನೆಗೆ ಉಳಿಸಿಹೋದದ್ದು ಮೌನವೊಂದನ್ನೇ. ಅವಳು ಅದನ್ನೇ ಹಾಸಿ ಹೊದ್ದು ಬದುಕುತ್ತಿದ್ದಳು.

ಇಳಿಜಾರು ಶುರುವಾಯಿತು. ಯೋಸ್ತ್ ಮುಂದೆ, ನಡುವೆ ಗ್ರೀತ್, ಹಿಂದೆ ಸೊಲಾಂಜ್. ಪೆಡಲ್ ತುಳಿಯುವ ಕೆಲಸವಿಲ್ಲ. ಹಿಂದಿನ ಚಕ್ರದ ಟಿಕ್ ಟಿಕ್ ಸದ್ದು, ಟಯರಿನ ಕೆಳಗೆ ಎಲೆಗಳ ಸರಸರ, ಅಷ್ಟೇ. ಯೋಸ್ತ್ ಬಲಗೈ ಬಿಟ್ಟು ಗಾಳಿಗೆ ಚಾಚಿದ.

ಢಂ ಎಂದಿತು.

“ಟಯರ್ ಹೋಯ್ತು ನೋಡು ನಿಂದು,” ಎಂದಳು ಗ್ರೀತ್, ನಗುತ್ತಲೇ.

ಸೊಲಾಂಜ್‌ಳಿಗೂ ಹಾಗೇ ಅನಿಸಿತು. ಯೋಸ್ತ್ ಪಕ್ಕಕ್ಕೆ ವಾಲಿ, ಮಲಗಲು ಹೊರಟವನ ಹಾಗೆ ನಿಧಾನವಾಗಿ ರಸ್ತೆಗೆ ಬಿದ್ದ. ಮುಂದಿನ ಚಕ್ರ ಗಾಳಿಯಲ್ಲಿ ತಿರುಗುತ್ತಲೇ ಇತ್ತು. ಟಯರಿಗೆ ಏನೂ ಆಗಿರಲಿಲ್ಲ. ಅವನ ತೊಡೆಯ ಮೇಲ್ಭಾಗದಿಂದ ರಕ್ತ ಉಕ್ಕುತ್ತಿತ್ತು. ಅವನು ಅದನ್ನು ನೋಡಿದ, ಹೆಂಡತಿಯನ್ನು ನೋಡಿದ, “ಗ್ರೀತ್, ಬ್ರೇಕ್ ಹಿಡಿದಿದ್ದೆ ನಾನು,” ಎಂದ.

ಗ್ರೀತ್ ತನ್ನ ಜಾಕೆಟ್ ಸುತ್ತಿ ಗಾಯಕ್ಕೆ ಒತ್ತಿದಳು. ಸೊಲಾಂಜ್ ತುರ್ತು ಸಂಖ್ಯೆಗೆ ಫೋನ್ ಮಾಡಿದಳು. ಜಾಗದ ಹೆಸರು ಕೇಳಿದರು. ಹುಟ್ಟಿದಂದಿನಿಂದ ಬಲ್ಲ ಆ ತಿರುವಿನ ಹೆಸರು ಅವಳ ಬಾಯಿಗೆ ಬರಲಿಲ್ಲ. ಕೊನೆಗೆ ಅದು ಬಂದಾಗ ಎರಡೆರಡು ಸಲ ಹೇಳಿದಳು.

ಮೇಲಿನ ದಿಬ್ಬದಿಂದ ಕಿತ್ತಳೆ ಬಣ್ಣದ ಅಂಗಿಯವರು ಇಳಿದು ಬಂದರು. ಮುಂದಿದ್ದವನು ಅರ್ಮಾಂ, ಅವಳ ಗಂಡನ ಅಣ್ಣ, ಊರಿನ ಬೇಟೆ ಸಂಘದ ಅಧ್ಯಕ್ಷ. ಕೋವಿಯನ್ನು ಮಡಚಿ ಮೊಣಕೈಗೆ ನೇತುಹಾಕಿಕೊಂಡಿದ್ದ. ಅದರ ನಳಿಗೆಯಿಂದ ಇನ್ನೂ ಹೊಗೆಯ ವಾಸನೆ ಬರುತ್ತಿತ್ತು. ರಸ್ತೆಯಲ್ಲಿ ಬಿದ್ದವನನ್ನು ನೋಡಿ ಅವನ ಮುಖ ಬೂದಿಯಾಯಿತು. ಆಮೇಲೆ ಬಾಯಿ ತೆರೆದ.

“ಫಲಕ ಇತ್ತಲ್ಲ.”

ಸೊಲಾಂಜ್ ತಾನು ಕೇಳಿದ್ದನ್ನು ನಂಬಲಿಲ್ಲ. “ಏನಂದೆ?”

“ಕಾಡುಹಂದಿ ರಸ್ತೆ ದಾಟ್ತಿತ್ತು. ನಾನು ಹಂದಿಗೆ ಹೊಡೆದೆ. ಮೇಲೆ ಫಲಕ ಇದೆಯಲ್ಲ ಸೊಲಾಂಜ್.”

“ಅವರು ಓದಿದ್ರು ಅದನ್ನ. ರಸ್ತೆ ಕಡೆ ಗುರಿ ಇಡಬಾರ್ದು ಅಂತ ನೀನೇ ಎಲ್ಲರಿಗೂ ಪಾಠ ಹೇಳ್ತೀಯ. ವ್ಯಾನ್ ಎಲ್ಲಿ? ನಿಮ್ಮ ವ್ಯಾನ್ ಎಲ್ಲಿ?”

“ಚರ್ಚ್ ಮುಂದೆ ದಿಮ್ಮಿ ರಾಶಿ ಹಾಕಿದಾರೆ, ಜಾಗ ಇರ್ಲಿಲ್ಲ. ಗರಗಸದ ಮಿಲ್ ಹಿಂದೆ ನಿಲ್ಸಿದ್ವಿ.”

ಅವಳು ಆ ದಿಮ್ಮಿಗಳನ್ನು ಕಂಡಿದ್ದಳು, ಅವುಗಳ ಮೇಲೆ ತಮಾಷೆಯನ್ನೂ ಮಾಡಿದ್ದಳು. ವ್ಯಾನುಗಳಿಗೆ ಅಲ್ಲಿ ಜಾಗವಿಲ್ಲ ಎಂಬುದು ಅವಳ ತಲೆಗೆ ಹೊಳೆದಿರಲಿಲ್ಲ.

ಹೆಲಿಕಾಪ್ಟರ್ ಕೆಳಗಿನ ಹುಲ್ಲುಗಾವಲಿನಲ್ಲಿ ಇಳಿಯಿತು. ಯೋಸ್ತ್‌ನನ್ನು ಕಟ್ಟಿ ಒಯ್ದರು, ಗ್ರೀತ್‌ಳನ್ನೂ ಹತ್ತಿಸಿಕೊಂಡರು. ಬದುಕುತ್ತಾನೆಯೇ ಎಂದು ಕೇಳಿದ್ದಕ್ಕೆ ವೈದ್ಯೆ, “ರಕ್ತ ತುಂಬಾ ಹೋಗಿದೆ,” ಎಂದಷ್ಟೇ ಹೇಳಿದಳು. ಬಾಗಿಲು ಮುಚ್ಚುವ ಮುನ್ನ ಗ್ರೀತ್ ತಿರುಗಿ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಅರ್ಥವಾಗದ ಬೆರಗಿತ್ತು. “ಯಾವಾಗ್ಲೂ ಇರುತ್ತೆ ಅಂದ್ರಲ್ಲ ನೀವು,” ಎಂದಳು.

ಸದ್ದು ಬೆಟ್ಟದ ಹಿಂದೆ ಕರಗಿತು. ಅರ್ಮಾಂ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ:

“ಪೊಲೀಸರು ದಾರೀಲಿದಾರೆ. ಮೂರೇ ಮಾತು ಹೇಳು. ಫಲಕ ಇತ್ತು. ಅವನು ಓದಿದ. ಓದಿಯೂ ಬಂದ. ಸುಳ್ಳೇನಾದ್ರೂ ಇದೆಯಾ ಇದರಲ್ಲಿ?”

ಇರಲಿಲ್ಲ. ಒಂದೊಂದು ಮಾತೂ ನಿಜ. ಆ ಮೂರು ನಿಜಗಳನ್ನು ಜೋಡಿಸಿದರೆ ಗುಂಡು ತಿಂದವನೇ ತಪ್ಪಿತಸ್ಥನಾಗುತ್ತಿದ್ದ.

“ಹೋಗಿ ಅಂತ ಅವರಿಗೆ ಹೇಳಿದ್ದು ನಾನು,” ಎಂದಳು.

“ಆ ಮಾತು ಇಲ್ಲೇ ಇರ್ಲಿ. ನಾವ್ಯಾರೂ ಬಾಯಿ ಬಿಡಲ್ಲ. ನಿನ್ನ ಮನೆಗೆ ಸೈಕಲ್ಲಿನವರು ಬರೋದು ನಿಲ್ಲಬಾರ್ದಲ್ಲ, ತಾಯಿ.”

ಉಳಿದವರು ನಾಯಿಗಳ ಹಗ್ಗ ಹಿಡಿದು ಬೂಟು ನೋಡಿಕೊಂಡು ನಿಂತಿದ್ದರು. ಎಲ್ಲರೂ ಗೊತ್ತಿದ್ದವರೇ. ಹಂದಿ ಬಿದ್ದ ದಿನ ಊರಿನ ಮನೆಮನೆಗೂ ಪಾಲು ತಂದುಕೊಡುವವರು ಇವರು. ಊರಿನ ಬಾಯಿ ಇಷ್ಟು ವರ್ಷ ಮುಚ್ಚಿದ್ದು ಹೀಗೆ. ಅದರಲ್ಲಿ ಸದಾ ಮಾಂಸ ತುಂಬಿರುತ್ತಿತ್ತು. ಕಾಡು ಇವರದಲ್ಲ, ರಸ್ತೆಯೂ ಇವರದಲ್ಲ. ಆದರೆ ಒಂದು ಹಳದಿ ತಗಡು ನೆಟ್ಟ ಮಾತ್ರಕ್ಕೆ ಎರಡೂ ಇವರ ಪಾಲಾಗುತ್ತಿದ್ದವು, ದಾರಿಹೋಕನ ಜೀವ ಅವನವನ ಜವಾಬ್ದಾರಿಯಾಗುತ್ತಿತ್ತು.

ಸೊಲಾಂಜ್ ಸೈಕಲ್ ತಳ್ಳಿಕೊಂಡು ಬಂದ ದಾರಿಯಲ್ಲೇ ಏರತೊಡಗಿದಳು.

ಫಲಕದ ಹತ್ತಿರ ಯಾರೋ ಮಂಡಿಯೂರಿ ಕೂತಿದ್ದರು. ಬೆನ್ನಿನಿಂದಲೇ ಗುರುತು ಹಿಡಿದಳು. ಲೂಸಿಯಾಂ, ಅವಳ ಗಂಡ. ಮದುವೆಯಾದಾಗಿನಿಂದ ಕೋವಿ ಮುಟ್ಟಿದವನಲ್ಲ, ಬೇಟೆಗಾರರನ್ನು ಊಟಕ್ಕೆ ಕೂತಲ್ಲೇ ಗೇಲಿ ಮಾಡುವವನು. ಸೇಬಿನ ಗಿಡ ಸವರುವ ಕತ್ತರಿ ಅವನ ಕೈಯಲ್ಲಿತ್ತು. ಫಲಕದ ಎರಡೂ ಕಾಲುಗಳಿಗೆ ಹೆಣೆದುಕೊಂಡಿದ್ದ ಮುಳ್ಳುಬಳ್ಳಿಯನ್ನು ಕತ್ತರಿಸಿ ಕತ್ತರಿಸಿ ಚರಂಡಿಗೆ ಎಸೆಯುತ್ತಿದ್ದ. ಬುಡದ ಹುಲ್ಲನ್ನು ಕಿತ್ತು ಹಸಿ ಮಣ್ಣು ಹಾಕಿ ಆಗಲೇ ತುಳಿದಿದ್ದ. ನೋಡಿದವರು ಈ ಬೆಳಿಗ್ಗೆ ನೆಟ್ಟದ್ದೇ ಎನ್ನಬೇಕು.

ಅವಳು ಸೈಕಲ್ಲನ್ನು ರಸ್ತೆಯಂಚಿಗೆ ಮಲಗಿಸಿದಳು.

“ಏನ್ ಮಾಡ್ತಿದೀಯ ಲೂಸಿಯಾಂ?”

ಅವನು ಬೆಚ್ಚಿ ತಿರುಗಿದ. “ಅಣ್ಣ ಫೋನ್ ಮಾಡಿದ.”

“ಫೋನ್ ಮಾಡಿ, ಒಬ್ಬ ಮನುಷ್ಯನಿಗೆ ಗುಂಡು ಬಿದ್ದಿದೆ ಅಂದ್ನಾ? ಬಳ್ಳಿ ಕತ್ತರಿಸು ಅಂದ್ನಾ?”

“ಎರಡೂ ಅಂದ.” ಅವನು ಮಂಡಿಯ ಮಣ್ಣು ಕೊಡವಿ ಎದ್ದ. “ನಿನಗೋಸ್ಕರಾನೂ ಮಾಡ್ತಿದೀನಿ ಸೊಲಾಂಜ್. ಮುಂದಕ್ಕೆ ಕರ್ಕೊಂಡು ಹೋದವಳು ನೀನು. ಫಲಕ ಸರಿಯಾಗಿದ್ರೆ ಸಂಘ ಉಳಿಯುತ್ತೆ, ನೀನೂ ಉಳೀತೀಯ.”

“ಯೋಸ್ತ್?”

ಲೂಸಿಯಾಂ ಕೆಳಗೆ ನೋಡಿದ. “ಅವರು ಇಲ್ಲಿಯವರಲ್ಲ,” ಎಂದ.

ನಿನ್ನೆಯಷ್ಟೇ ಯೋಸ್ತ್‌ಗೆ ಎರಡನೇ ಸಲ ಸೂಪ್ ಬಡಿಸಿದ್ದ ಕೈ ಅದು.

ಪೊಲೀಸ್ ಜೀಪು ತಿರುವಿನಲ್ಲಿ ಕಾಣಿಸಿತು. ಲೂಸಿಯಾಂ ಕತ್ತರಿಯನ್ನು ಬೆನ್ನ ಹಿಂದೆ ಹಿಡಿದುಕೊಂಡ. ಜೀಪಿನಿಂದ ಇಳಿದ ಅಧಿಕಾರಿ ಮಧ್ಯವಯಸ್ಸಿನವಳು. ನೇರ ಫಲಕದ ಮುಂದೆ ನಿಂತು ಓದಿದಳು.

“ಇದು ಬೆಳಿಗ್ಗೆ ಇತ್ತಾ ಮೇಡಂ, ನೀವು ಹಾದು ಹೋಗುವಾಗ?”

“ಇತ್ತು.”

ಲೂಸಿಯಾಂ ಉಸಿರು ಬಿಟ್ಟದ್ದು ಅವಳಿಗೆ ಕೇಳಿಸಿತು.

“ನಿನ್ನೆಯೂ ಇತ್ತು,” ಎಂದಳು ಸೊಲಾಂಜ್. “ಮೊನ್ನೆಯೂ ಇತ್ತು. ಬೇಟೆ ಇಲ್ಲದ ದಿನಾನೂ ಇರುತ್ತೆ. ಇಲ್ಲಿ ಇದನ್ನ ಯಾರೂ ನಂಬಲ್ಲ, ನಾನೂ ನಂಬಿರ್ಲಿಲ್ಲ. ಹೋಗಬಹುದಾ ಅಂತ ಅವರು ಕೇಳಿದ್ರು. ಹೋಗಿ ಅಂದವಳು ನಾನು. ಅದನ್ನೂ ಬರ್ಕೊಳ್ಳಿ.”

“ಯಾವಾಗ್ಲೂ ಇರುತ್ತೆ ಅನ್ನೋದಕ್ಕೆ ಏನಾದ್ರೂ ಗುರುತಿದೆಯಾ? ಮಣ್ಣು ಹೊಸದಾಗಿ ಕಾಣುತ್ತೆ.”

ಸೊಲಾಂಜ್ ಚರಂಡಿಗೆ ಇಳಿದಳು. ಕತ್ತರಿಸಿದ ಬಳ್ಳಿಯನ್ನು ಬರಿಗೈಯಲ್ಲೇ ಎಳೆದು ತಂದಳು. ಫಲಕದ ಕಾಲಿಗೆ ಸುತ್ತಿಕೊಂಡಿದ್ದ ಸುರುಳಿ ಇನ್ನೂ ಬಿಚ್ಚಿರಲಿಲ್ಲ. ಅಂಗೈಯಲ್ಲಿ ರಕ್ತ ಬಂದದ್ದು ಅವಳಿಗೆ ತಿಳಿಯಲಿಲ್ಲ.

“ಇದನ್ನ ಕತ್ತರಿಸಿದ್ದು ಯಾರು?” ಎಂದಳು ಅಧಿಕಾರಿ.

“ಬೇಡ ಸೊಲಾಂಜ್,” ಎಂದ ಲೂಸಿಯಾಂ ಮೆಲ್ಲಗೆ.

“ನನ್ನ ಗಂಡ,” ಎಂದಳು ಅವಳು. “ಈಗಷ್ಟೇ.”

ಅಧಿಕಾರಿ ಕೈ ಚಾಚಿದಳು. ಲೂಸಿಯಾಂ ಕತ್ತರಿಯನ್ನು ಮುಂದಕ್ಕೆ ತಂದು, ಅಭ್ಯಾಸಬಲದಿಂದ ಪ್ಯಾಂಟಿಗೆ ಒರೆಸಿ, ಹಿಡಿಯ ಕಡೆಯಿಂದ ಅವಳ ಕೈಗೆ ಕೊಟ್ಟ.