ತಳದಲ್ಲಿ ಕೂತ ಹರಳು

ನಾನು ಡಾಕ್ಟರಲ್ಲ. ಹಗಲು ಕೆಲಸ ಮಾಡಿ ರಾತ್ರಿ ಶಾಲೆಯಲ್ಲಿ ನಾಲ್ಕಕ್ಷರ ಕಲಿತವನು. ತಿಳಿದವರು ಹೇಳಬೇಕಾದ್ದನ್ನು ನಾನು ಹೇಳುತ್ತಿದ್ದೇನೆ, ಕ್ಷಮಿಸಿ. ಇದು ನಮ್ಮ ನೆರೆಯ ಹಾಲವ್ವನ ಕತೆ; ಅವಳು ಒಪ್ಪಿದ ಮೇಲೇ ಬರೆದಿದ್ದೇನೆ.

ಮಳೆಗಾಲ ಬಂದರೆ ಬಾಂದ್ರಾದ ನಮ್ಮ ಚಾಳಿನಲ್ಲಿ ಎಲ್ಲರ ಕಾಲ್ಬೆರಳ ಸಂದಿಯಲ್ಲೂ ಹುಣ್ಣು. ಹಾಲವ್ವನ ಗಂಡ ಕಟ್ಟಡದ ಕೆಲಸದವನು. ಅವನ ಕಾಲಿಗೆಂದು ದವಾಖಾನೆಯಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟಿನ ಹರಳು ಕೊಟ್ಟಿದ್ದರು. ನೀರಿಗೆ ಹಾಕಿದರೆ ನೇರಳೆ ಬಣ್ಣ ಬಿಡುವ ಔಷಧ ಅದು.

ಆ ವರ್ಷ, ಎಪ್ಪತ್ತೊಂದರ ಮಳೆಯಲ್ಲಿ, ಹಾಲವ್ವನ ಊರಿನ ಮಠದ ಚನ್ನಬಸಯ್ಯನವರು ಮುಂಬೈಗೆ ಬಂದರು, ಅವಳ ಮನೆಗೂ ಊಟಕ್ಕೆ ಬಂದರು. ಅಯ್ಯನವರು ಮನೆಗೆ ಬಂದರೆ ಮೊದಲು ಪಾದ ತೊಳೆಯಬೇಕು, ಆಮೇಲೆ ಊಟ. ನಾಲ್ಕಾರು ದಿನ ಕೆಸರಲ್ಲಿ ಮನೆಮನೆಗೆ ನಡೆದು ಅವರ ಕಾಲೂ ಹುಣ್ಣಾಗಿತ್ತು. ಹಾಲವ್ವ ಪರಾತಿನ ಅಗಲ ತಟ್ಟೆಗೆ ತಣ್ಣೀರು ಸುರಿದು ಚಿಟಿಕೆ ಹರಳು ಉದುರಿಸಿದಳು.

"ಚೆಂದಾಗಿ ಕಲಸವ್ವಾ," ಅತ್ತೆ ಭಾಗವ್ವ ಅಂದಳು.

"ಬಣ್ಣ ಬಿಟ್ಟೈತಲ್ಲ ಅತ್ತಿ, ಇನ್ನೇನ ಕಲಸೂದು? ಚಹಾ ಕೆಂಪಾತಂದ್ರ ಆತು!"

"ಚಹಾ ಕುದಿಸ್ತೀಯಲ್ಲ!"

"ಅಯ್ಯಾರು ಕಾದು ಕುಂತಾರ, ಬಿಡ್ರಿ."

ಅಯ್ಯನವರು ಮೊದಲು ಬಲಗಾಲಿಟ್ಟರು. ಸ್ವಲ್ಪ ಹೊತ್ತಿಗೆ ಅದನ್ನು ಎಳೆದುಕೊಂಡರು. ಅಂಗಾಲಲ್ಲಿ ಕಪ್ಪು ಚುಕ್ಕೆಗಳು, ಉರಿ.

"ಪಾದಾ ತೊಳಿಯಂದ್ರ ಸುಟ್ಟಳಲ್ಲೋ!" ದರ್ಶನಕ್ಕೆ ಬಂದಿದ್ದ ಊರವರಲ್ಲೊಬ್ಬ ಬಾಗಿಲಲ್ಲೇ ಅಂದ.

ಹಾಲವ್ವ ಒಳಗೆ ಪಾತ್ರೆ ತೊಳೆಯುವ ಮೋರಿಯ ಮೂಲೆಗೆ ಹೋಗಿ ಸೆರಗಲ್ಲಿ ಮುಖ ಮುಚ್ಚಿಕೊಂಡಳು. ಅಯ್ಯನವರು ಉಣ್ಣದೆ ಎದ್ದರೆ ಊರಿಗೆ ಹೇಗೆ ಮುಖ ತೋರಿಸುವುದು?

ಪಕ್ಕದ ಖೋಲಿಯ ಇಂದ್ರಾಬಾಯಿ ದವಾಖಾನೆಯಲ್ಲಿ ನರ್ಸ್. ಓಡಿ ಬಂದವಳೇ ಅಯ್ಯನವರ ಕಾಲಿಗೆ ಧಾರಾಳವಾಗಿ ಶುದ್ಧ ನೀರು ಸುರಿದು ತೊಳೆದಳು. ಆಮೇಲೆ ಒಂದು ಗಾಜಿನ ಲೋಟದಲ್ಲಿ ತಣ್ಣೀರು, ಇನ್ನೊಂದರಲ್ಲಿ ಬೆಚ್ಚನೆಯ ನೀರು ತೆಗೆದುಕೊಂಡು ಒಂದೊಂದು ಹರಳು ಹಾಕಿದಳು. ಬೆಚ್ಚನೆಯದನ್ನು ಚಮಚೆಯಿಂದ ಕಲಕಿದಳು.

"ಹೊರಗ ಬಾ ಹಾಲಕ್ಕಾ, ನೋಡು. ಎರಡಕ್ಕೂ ಬಣ್ಣ ಬಂದೈತಿ. ತಣ್ಣೀರಿನ ತಳದಾಗ ಏನೈತಿ?"

"ಹರಳು... ಹಂಗ ಕುಂತೈತಿ."

"ಕರಗದ ಹರಳು ಚರ್ಮಾ ಸುಡತೈತಿ. ಬಣ್ಣ ಬಂತಂದ್ರ ಪೂರಾ ಕರಗಿತು ಅಂತಲ್ಲ. ಬಿಸಿನೀರಾಗ ನೋಡು, ಕಲಕಿದ್ದಕ್ಕ ಏನೂ ಉಳದಿಲ್ಲ. ಸಕ್ಕರಿ ತಳದಾಗ ಉಳಿದ ಚಹಾ ನೀ ಕುಡಿದಿಲ್ಲೇನು?"

"ಹಂಗಾರ ಬಿಸಿನೀರಿಗೆ ಎಷ್ಟ್ ಹಾಕಿದ್ರೂ ಕರಗತೈತೇನು?"

"ಇಲ್ಲವ್ವಾ. ನೀರಿಗೂ ಹೊಟ್ಟಿ ತುಂಬತೈತಿ. ಹೆಚ್ಚಾದದ್ದು ತಳಕ್ಕ ಕೂಡತೈತಿ. ಔಷಧಕ್ಕ ಅಷ್ಟು ಬೇಕೂ ಇಲ್ಲ, ತಿಳಿ ಗುಲಾಬಿ ಬಣ್ಣ ಸಾಕು."

ಹಾಲವ್ವ ಬೆಚ್ಚನೆಯ ನೀರಿನ ಲೋಟದಲ್ಲೇ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಪರಾತಿನ ಹೊಸ ನೀರಿಗೆ ಸ್ವಲ್ಪವೇ ಬೆರೆಸಿದಳು. ತಳವನ್ನೆಲ್ಲ ಬೆರಳಿಂದ ಸವರಿ ನೋಡಿದಳು. ಪರಾತನ್ನು ಅಲ್ಲೇ ಬಿಟ್ಟು ಹಿಂದೆ ಸರಿದಳು.

"ಇತ್ತ ತಾ ಅವ್ವಾ," ಅಂದರು ಅಯ್ಯನವರೇ. "ಇನ್ನೊಂದು ಕಾಲೈತಲ್ಲ, ಅದನ್ನರ ನೆಟ್ಟಗ ತೊಳಿ."

ಊರವರು ನಕ್ಕರು. ಹಾಲವ್ವ ತಲೆ ಎತ್ತಲಿಲ್ಲ. "ರೊಟ್ಟಿ ತಣ್ಣಗಾಗ್ಯಾವ್ರಿ ಅಯ್ಯಾರ..."

"ಕಾಲು ಬಿಸಿ ಆಗೈತಿ. ರೊಟ್ಟಿ ತಣ್ಣಗಿದ್ರೂ ನಡೀತೈತಿ. ಬಡಸು."

ಉಂಡರು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಈ ಹರಳಿರಬಹುದು. ಬಣ್ಣ ನೋಡಿ ನಂಬಬೇಡಿ, ತಳ ನೋಡಿ. ಬೆಚ್ಚನೆಯ ನೀರಲ್ಲಿ ಕಲಕಿ, ಪೂರಾ ಕರಗಿಸಿ, ಸೋಸಿ, ತೆಳುಮಾಡಿ ಬಳಸಿ. ಕುಡಿಯಬೇಡಿ. ಮಕ್ಕಳ ಕೈಗೆ ಸಿಗದಂತೆ ಇಡಿ. ಸಂಶಯವಿದ್ದರೆ ದವಾಖಾನೆಯಲ್ಲಿ ಕೇಳಿ, ಕೇಳಲು ನಾಚಬೇಡಿ.

ಬಿಸಿನೀರು ಯಾಕೆ ಬೇಗ ಕರಗಿಸುತ್ತದೆಂದು ನಮ್ಮ ಮಾಸ್ತರರನ್ನು ಕೇಳಿದೆ. ಅವರು ಹೇಳಿದ್ದರಲ್ಲಿ ನನಗೆ ಅರ್ಧ ಮಾತ್ರ ತಿಳಿಯಿತು. ಅಯ್ಯನವರ ಕಾಲಿನ ಕಲೆ ಹೋಯಿತೆಂದು ಊರಿಂದ ಸುದ್ದಿ ಬಂದಿದೆ. ಹಾಲವ್ವ ಮಾತ್ರ ಇಂದಿಗೂ ಪರಾತಿನ ತಳವನ್ನು ಬೆರಳಿಂದ ಸವರುತ್ತಾಳೆ. ಅವಳ ನಾಚಿಕೆ ಕರಗಿತೋ ಇಲ್ಲವೋ, ನನಗೆ ಗೊತ್ತಿಲ್ಲ.