ಅಕ್ಕ ಕೂತಿದ್ದ ದೇಶ

ಊರಿನ ಒಂದು ಮೂಲೆಗೆ ಇಂಟರ್ನೆಟ್ ಕೊಡುವವನು ನಾನು. ಕಂಬ ಹತ್ತುವವನೂ ನಾನೇ, ಬೈಸಿಕೊಳ್ಳುವವನೂ ನಾನೇ. ಅಕ್ಕ ನನ್ನನ್ನು ತಂತಿರಾಯ ಎಂದು ಕರೆಯುತ್ತಿದ್ದಳು.

ಪ್ರತಿ ಸಂಪರ್ಕಕ್ಕೂ ಒಂದು ಐಪಿ ವಿಳಾಸ ಬೇಕು, ಅಂದರೆ ಒಂದು ಸಂಖ್ಯೆ. ಹೊಸ ಸಂಖ್ಯೆಗಳು ಎಂದೋ ಮುಗಿದುಹೋಗಿವೆ. ನನ್ನಂಥ ಸಣ್ಣವರು ಬೇರೆಯವರು ಬಳಸಿಬಿಟ್ಟದ್ದನ್ನೇ ಕೊಳ್ಳಬೇಕು. ನನಗೆ ಸಿಕ್ಕಿದ್ದು ಕಡಲಾಚೆಯ ದೇಶವೊಂದರಲ್ಲಿ ಬಾಗಿಲು ಮುಚ್ಚಿದ ಕಂಪನಿಯದು. ಯಾವ ಸಂಖ್ಯೆ ಯಾವ ಊರಿನಲ್ಲಿದೆ ಎಂದು ಜಗತ್ತಿಗೆ ಸಾರುವುದಕ್ಕೇ ಬೇರೆ ಕಂಪನಿಗಳಿವೆ. ಅವುಗಳ ಲೆಕ್ಕದಲ್ಲಿ ನನ್ನ ಗಿರಾಕಿಗಳೆಲ್ಲ ಕಡಲಾಚೆಯೇ ವಾಸವಾಗಿದ್ದರು. ಕೆಳಗಿನ ಮನೆಯ ದರ್ಜಿ ಸಿನಿಮಾ ಹಾಕಿದರೆ ‘ನಿಮ್ಮ ದೇಶದಲ್ಲಿ ಲಭ್ಯವಿಲ್ಲ’ ಎಂದು ಬರುತ್ತಿತ್ತು. ಸುಡುಬಿಸಿಲಲ್ಲಿ ಅವನ ಕಂಪ್ಯೂಟರು ಹಿಮ ಬೀಳುತ್ತದೆ, ಹುಷಾರು ಎನ್ನುತ್ತಿತ್ತು.

“ಏನಯ್ಯಾ, ಪಾಸ್‌ಪೋರ್ಟ್ ಇಲ್ದೇನೇ ನಮ್ಮನ್ನ ಫಾರಿನ್‌ಗೆ ಕಳಿಸಿಬಿಟ್ಟೆಯಲ್ಲ” ಎಂದು ಅವನು ನಗುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ತಿದ್ದಿ ಎಂದು ಎಲ್ಲ ಕಂಪನಿಗಳಿಗೂ ಬರೆದೆ. ಒಂದು ತಿದ್ದಿತು, ಮುಂದಿನ ತಿಂಗಳು ಪಕ್ಕದವರದನ್ನು ನಕಲು ಮಾಡಿಕೊಂಡು ಹಳೆಯ ತಪ್ಪಿಗೇ ಮರಳಿತು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು ನನ್ನ ಶ್ರಮ. ಎಲ್ಲಕ್ಕಿಂತ ದೊಡ್ಡ ಕಂಪನಿ ಮಾತ್ರ ‘ಪರಿಶೀಲನೆಯಲ್ಲಿದೆ’ ಎಂದು ಅಡ್ಡಗೋಡೆಯ ಮೇಲೆ ದೀಪ ಇಡುತ್ತಲೇ ಇತ್ತು. ನಾನೂ ಬಿಡಲಿಲ್ಲ, ವಾರವಾರವೂ ಜಗಳವಾಡಿ ಬರೆದೆ.

ಭಾವ ತೀರಿಕೊಂಡ ಮೇಲೆ ಅಕ್ಕ ನನ್ನ ಮನೆಯಲ್ಲಿದ್ದಳು. ಔಷಧಿ ಅಂಗಡಿಯಲ್ಲಿ ಸಹಾಯಕಿ. ಸ್ವತಂತ್ರವಾಗಿ ಔಷಧಿ ಕೊಡಬೇಕಾದರೆ ಪರವಾನಗಿ ಬೇಕು, ಅದಕ್ಕೊಂದು ಪರೀಕ್ಷೆ. ಎರಡು ಸಲ ಕೂದಲೆಳೆಯಲ್ಲಿ ತಪ್ಪಿತ್ತು. ಮೂರನೆಯದೇ ಕೊನೆ, ಆಮೇಲೆ ಕೂರಿಸುವುದಿಲ್ಲ. “ಪಾಸಾದ್ರೆ ಅಂಗಡಿ ನೀನೇ ನೋಡ್ಕೋ, ಇಲ್ಲಾಂದ್ರೆ ಬೇರೆಯವರನ್ನ ತರ್ತೀನಿ” ಎಂದಿದ್ದ ಯಜಮಾನ. ಅಕ್ಕ ಸಿಂಕಿನ ಮೇಲಿನ ಕಪಾಟಿಗೆ ಔಷಧಿಗಳ ಹೆಸರು ಅಂಟಿಸಿಕೊಂಡು, ಪಾತ್ರೆ ತೊಳೆಯುತ್ತ ಗೊಣಗಿ ಬಾಯಿಪಾಠ ಮಾಡುತ್ತಿದ್ದಳು. ಕೇಳಿ ಕೇಳಿ ನನಗೂ ಅರ್ಧ ಬರುತ್ತಿತ್ತು.

ಪರೀಕ್ಷೆ ಮನೆಯಿಂದಲೇ, ಕ್ಯಾಮೆರಾದ ಮುಂದೆ. ಯಾವ ದೇಶದಲ್ಲಿ ಕೂತು ಬರೆದರೂ ಅಡ್ಡಿಯಿಲ್ಲ ಎಂದು ನಿಯಮದಲ್ಲೇ ಇತ್ತು. ಕಡಲಾಚೆಯ ಕಾಟ ಇದಕ್ಕೊಂದಕ್ಕೆ ತಟ್ಟುವುದಿಲ್ಲ ಎಂದು ನಾನು ನಿಶ್ಚಿಂತನಾಗಿದ್ದೆ.

ಮುಖ್ಯವಾದ ದಿನ ಏನನ್ನೂ ಬದಲಿಸಬಾರದು ಎನ್ನುವುದು ನಮ್ಮ ಕಸುಬಿನ ಕಟ್ಟಳೆ. ಅಂದು ಯಾವ ಕಂಬವನ್ನೂ ಮುಟ್ಟಲಿಲ್ಲ. ಹಿಂದಿನ ದಿನವೇ ಬ್ಯಾಟರಿಗಳನ್ನು ತುಂಬಿಸಿ, ಒಂದು ತಂತಿ ಹೋದರೆ ಇನ್ನೊಂದಿರಲಿ ಎಂದು ಬದಲಿ ಎಳೆದಿಟ್ಟಿದ್ದೆ. ಉಪಕರಣಗಳ ಕೋಣೆಗೆ ಬೀಗ ಹಾಕಿ, ಅಕ್ಕನ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತೆ. ನನ್ನ ಕೈಯಲ್ಲಿದ್ದುದನ್ನೆಲ್ಲ ನಿಲ್ಲಿಸಿದ್ದೆ. ನಾನೇ ಕಾಡಿ ಬೇಡಿ ಬೇರೆಯವರ ಕೈಗೆ ಕೊಟ್ಟಿದ್ದ ಬದಲಾವಣೆಯೊಂದು ಬಾಕಿಯಿದೆ ಎಂದು ತಲೆಗೆ ಹೊಳೆಯಲೇ ಇಲ್ಲ.

ಪರೀಕ್ಷೆ ಅರ್ಧ ಕಳೆದಿರಬೇಕು. ದರ್ಜಿ ಕೊರಳಲ್ಲಿ ಟೇಪು ಜೋತಾಡಿಸಿಕೊಂಡು ಮೆಟ್ಟಿಲೇರಿ ಬಂದ.

“ಗೆದ್ದೆ ಕಣಯ್ಯಾ! ಸಿನಿಮಾ ಬರ್ತಿದೆ! ಎಲ್ಲರೂ ವಾಪಸ್ ಊರಿಗೆ ಬಂದ್ವಿ!”

ನಾನು ಬಾಯಿಯ ಮೇಲೆ ಬೆರಳಿಟ್ಟು ಬಾಗಿಲನ್ನು ತೋರಿಸಿದೆ. ಒಳಗೊಳಗೇ ಕುಣಿದುಬಿಡುವಷ್ಟು ಖುಷಿಯಾಗಿತ್ತು. ಅಷ್ಟರಲ್ಲಿ ಬಾಗಿಲು ತೆರೆಯಿತು.

“ಪರದೆ ಕೆಂಪಾಯ್ತು ಕಣೋ” ಎಂದಳು ಅಕ್ಕ. “ನಾನೇನೂ ಒತ್ತಲಿಲ್ಲ.”

ಒಳಗೆ ಹೋಗಿ ನೋಡಿದೆ. ‘ಪರೀಕ್ಷೆಯ ನಡುವೆ ಅಭ್ಯರ್ಥಿಯ ದೇಶ ಬದಲಾಗಿದೆ. ವಂಚನೆಯ ಶಂಕೆಯಿಂದ ಪರೀಕ್ಷೆ ರದ್ದು. ಈ ಅವಕಾಶ ಲೆಕ್ಕಕ್ಕೆ ಸೇರುತ್ತದೆ.’ ದೊಡ್ಡ ಕಂಪನಿ ಕೊನೆಗೂ ನನ್ನ ಮಾತು ಕೇಳಿತ್ತು.

ಪರೀಕ್ಷೆಯವರಿಗೆ ಫೋನು ಮಾಡಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಆ ಕಡೆಯ ಅಧಿಕಾರಿಣಿ ಸಮಾಧಾನದಿಂದಲೇ ಕೇಳಿಸಿಕೊಂಡಳು.

“ಅವರ ಮುಖ ಕ್ಯಾಮೆರಾದಲ್ಲಿತ್ತಲ್ಲ ಮೇಡಂ?”

“ಒಬ್ರು ಎದುರಿಗೆ ಕೂರೋದು, ಇನ್ನೊಬ್ರು ಇನ್ನೆಲ್ಲಿಂದಲೋ ಉತ್ತರ ಒತ್ತೋದು, ಇದೆಲ್ಲ ನಮಗೆ ಹೊಸದಲ್ಲ. ಮೊದಲಿನ ಜಾಗ ತಪ್ಪಾಗಿತ್ತು ಅಂತ ಆ ಕಂಪನಿಯವರೇ ಬರೆದುಕೊಟ್ರೆ ನೋಡೋಣ.”

“ನಾನೇ ಬರೆದುಕೊಡ್ತೀನಿ. ಲೈನು ನಂದೇ.”

“ನೀವು ಅವರಿಗೇನಾಗ್ಬೇಕು?”

“ತಮ್ಮ.”

“ಹಾಗಾದ್ರೆ ಕಂಪನಿಯವರಿಂದಲೇ ಬರಲಿ” ಎಂದು ಆಕೆ ಫೋನು ಇಟ್ಟಳು.

ಕಂಪನಿಗೆ ಬರೆದೆ, ಈ ಸಲ ಜಗಳವಾಡದೆ, ಕಾಲು ಹಿಡಿಯುವವನಂತೆ. ಉತ್ತರ ಎಂದೂ ಇಲ್ಲದ ಚುರುಕಿನಿಂದ ಬಂತು: ‘ನಿಮ್ಮ ವಿಳಾಸಗಳು ಸರಿಯಾದ ದೇಶದಲ್ಲೇ ಇವೆ. ಹಳೆಯ ಮಾಹಿತಿಯನ್ನು ನಾವು ಇಟ್ಟುಕೊಳ್ಳುವುದಿಲ್ಲ.’ ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಎನ್ನುತ್ತಾರೆ. ಇವರು ಒರೆಸುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ.

ಅಕ್ಕನಿಗೆ ಓದಿ ಹೇಳಿದೆ.

“ನಾನು ಆ ಕೋಣೇಲೇ ಇದ್ದೆ ಅಲ್ವೇನೋ?” ಎಂದಳು, ತನಗೇ ಅನುಮಾನ ಬಂದವಳಂತೆ.

“ಅಲ್ಲೇ ಇದ್ದೆ ಅಕ್ಕ. ನಾನು ಹೊರಗೇ ಕೂತಿದ್ದೆನಲ್ಲ.”

“ಸಾಕು ಬಿಡು.”

ಸಾಕಾಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅಂಗಡಿಗೆ ಪರವಾನಗಿ ಇರುವ ಹುಡುಗಿ ಬಂದಿದ್ದಾಳೆ. ಅಕ್ಕ ಅವಳು ಕೇಳಿದ ಡಬ್ಬಿಯನ್ನು ಎತ್ತಿ ಕೊಡುತ್ತಾಳೆ.

ಬೀದಿಯಲ್ಲಿ ಈಗ ನನ್ನನ್ನು ಯಾರೂ ಬೈಯುವುದಿಲ್ಲ. ಸಿನಿಮಾ ಬರುತ್ತದೆ, ಹವಾಮಾನ ಸರಿಯಾಗಿದೆ. ಯಾರು ಎಲ್ಲಿಂದ ನೋಡಿದರೂ ನಮ್ಮ ಮನೆ ಇರಬೇಕಾದ ಜಾಗದಲ್ಲೇ ಇದೆ. ಕಪಾಟಿನ ಚೀಟಿಗಳನ್ನು ಅಕ್ಕ ಇನ್ನೂ ಕಿತ್ತಿಲ್ಲ. ಅವುಗಳ ಕೆಳಗೇ ನಿಂತು ಪಾತ್ರೆ ತೊಳೆಯುತ್ತಾಳೆ, ನೀರಿನ ಸದ್ದೊಂದೇ ಕೇಳಿಸುತ್ತದೆ.