ಮೂರನೇ ಮಹಡಿಯ ಕಿಟಕಿಗೆ ಪರಮಪ್ರಸಾದ

ಮಧ್ಯಾಹ್ನದೊಳಗೆ ಆಂಬುಲೆನ್ಸ್ ಬರುತ್ತದೆ ಎಂದು ಫೋನ್ ಬಂದಾಗ ನನ್ನ ಅತ್ತೆ ಕೇಳಿದ್ದು ಒಂದೇ. ಬಟ್ಟೆ ಬೇಡವಂತೆ, ಬಿಸಿನೀರಿನ ಫ್ಲಾಸ್ಕೂ ಬೇಡವಂತೆ.

"ಪರಮಪ್ರಸಾದ ತಗೊಂಡೇ ಹೋಗೋದು ಕಣೇ. ಇಲ್ಲಾಂದ್ರೆ ಈ ಮಂಚ ಬಿಟ್ಟು ಏಳಲ್ಲ."

ಹೇಳುವುದು ಸುಲಭ. ನಮ್ಮ ಕಟ್ಟಡದ ಗೇಟಿಗೆ ಆರೋಗ್ಯ ಇಲಾಖೆಯವರು ಪಟ್ಟಿ ಕಟ್ಟಿ ಸೀಲ್ ಮಾಡಿದ್ದರು. ಅವರ ಸಿಬ್ಬಂದಿ ಬಿಟ್ಟರೆ ನರಪಿಳ್ಳೆಯೂ ಒಳಗೆ ಬರುವಂತಿಲ್ಲ. ಚರ್ಚಿಗೆ ಬೀಗ ಬಿದ್ದು ತಿಂಗಳುಗಳಾಗಿದ್ದವು. ಅತ್ತೆ ಭಾನುವಾರದ ಪೂಜೆಯನ್ನು ಮೊಬೈಲಿನಲ್ಲೇ ನೋಡುತ್ತಿದ್ದರು. ಫಾದರ್ ಪ್ರಸಾದದ ತೆಳು ರೊಟ್ಟಿ ಎತ್ತಿ ತೋರಿಸಿದಾಗ ಕೈಮುಗಿದು, "ಕಣ್ಣಿಗಷ್ಟೇ ಊಟ" ಎಂದು ಗೊಣಗುತ್ತಿದ್ದರು. ನನಗೆ ಆಗೆಲ್ಲ ನಗು ಬರುತ್ತಿತ್ತು. ಆ ದಿನ ಬರಲಿಲ್ಲ. ಆಸ್ಪತ್ರೆಗೆ ಹೋದವರಲ್ಲಿ ನಮ್ಮ ಬೀದಿಗೆ ಮರಳಿದವರು ಕಡಿಮೆ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಈ ಹಟ ಇವತ್ತಿನದಲ್ಲ. ಅವರ ತಾಯಿ ಸಾಯುವಾಗ ಪಕ್ಕದಲ್ಲಿದ್ದದ್ದು ತಂಗಿ, ಅಂದರೆ ನನ್ನ ಚಿಕ್ಕತ್ತೆ. ಬೆಳಗಾಗಲಿ, ಆಮೇಲೆ ಫಾದರ್‌ಗೆ ಹೇಳಿಕಳಿಸೋಣ ಎಂದು ಆಕೆ ಕಾದರು. ಬೆಳಗಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು. "ನಮ್ಮಮ್ಮನ್ನ ಬರಿಬಾಯಲ್ಲಿ ಕಳಿಸಿದಳು" ಎಂದ ಅತ್ತೆ ಅಂದಿನಿಂದ ತಂಗಿಯ ಜೊತೆ ಮಾತು ಬಿಟ್ಟವರು. ತಮಾಷೆಯೆಂದರೆ ಚಿಕ್ಕತ್ತೆಯ ಮನೆ ಎದುರು ಕಟ್ಟಡದಲ್ಲೇ, ಅದೂ ಮೂರನೇ ಮಹಡಿ. ನಡುವೆ ಒಂದು ಕಿರುಬೀದಿ ಅಷ್ಟೇ. ಆಕೆ ಬಾಲ್ಕನಿಗೆ ಬಂದರೆ ಸಾಕು, ಇವರು ಸರಕ್ಕನೆ ಪರದೆ ಎಳೆಯುವರು. ಧೂಳು ಹಿಡಿದ ಆ ಪರದೆಯನ್ನು ಒಗೆದು ಒಗೆದು ಸಾಕಾಗಿ ಹೋಗಿತ್ತು ನನಗೆ.

ಗಂಡನಿಗೆ ಫೋನ್ ಮಾಡಿದೆ. ಅವರು ಬೀದಿದೀಪ ರಿಪೇರಿಯವರು. ಕಟ್ಟಡ ಸೀಲ್ ಆದಾಗ ಕೆಲಸದ ಮೇಲೆ ಹೊರಗಿದ್ದವರು ಹೊರಗೇ ಉಳಿದು, ಲಾರಿ ಶೆಡ್ಡಿನಲ್ಲಿ ಮಲಗುತ್ತಿದ್ದರು.

"ರೀ, ಏನಾದ್ರೂ ಮಾಡಿ. ನಿಮ್ಮಮ್ಮ ಮಂಚ ಹಿಡ್ಕೊಂಡು ಕೂತಿದ್ದಾರೆ."

"ಕಿಟಕಿ ತೆಗ್ದಿಡು," ಎಂದರು. "ಫಾದರ್ ಇಲ್ಲೇ ಇದ್ದಾರೆ. ಲಾರಿ ತರ್ತೀನಿ."

ಫಾದರ್ ಶೆಡ್ಡಿಗೆ ಹೇಗೆ ಬಂದರು ಎಂದು ಕೇಳುವಷ್ಟರಲ್ಲಿ ಫೋನ್ ಇಟ್ಟೇಬಿಟ್ಟರು.

ಲಾರಿ ಬೀದಿಗೆ ನುಗ್ಗಿದ ಸದ್ದಿಗೇ ಕಿಟಕಿಯಿಂದ ಬಗ್ಗಿ ನೋಡಿದೆ. ಬೀದಿದೀಪದ ಲಾರಿ ನೋಡಿದ್ದೀರಲ್ಲ, ಮೇಲೊಂದು ಉದ್ದ ಕಬ್ಬಿಣದ ತೋಳು, ತುದಿಯಲ್ಲಿ ಇಬ್ಬರು ನಿಲ್ಲುವಂಥ ಬುಟ್ಟಿ. ಅದರಲ್ಲಿ ನನ್ನ ಗಂಡ, ಪಕ್ಕದಲ್ಲಿ ಬಿಳಿ ನಿಲುವಂಗಿಯ ನಮ್ಮ ದಪ್ಪ ಫಾದರ್. ಸ್ಟೂಲು ಹತ್ತಿ ಬಲ್ಬು ಹಾಕುವುದಕ್ಕೂ ಹೆದರುವ ಮನುಷ್ಯ. ಒಂದು ಕೈಯಲ್ಲಿ ಕಂಬಿ ಹಿಡಿದಿದ್ದರು, ಇನ್ನೊಂದರಲ್ಲಿ ಪ್ರಸಾದದ ಪುಟ್ಟ ಡಬ್ಬಿಯನ್ನು ಎದೆಗೊತ್ತಿಕೊಂಡಿದ್ದರು. ಕಣ್ಣು ಗಟ್ಟಿಯಾಗಿ ಮುಚ್ಚಿದ್ದರು.

"ಬಂತಾ?"

"ಇನ್ನೂ ಮೊದಲ್ನೇ ಮಹಡಿ, ಫಾದರ್," ಎಂದರು ನನ್ನ ಗಂಡ.

ಬೀದಿಯ ಕಿಟಕಿಗಳೆಲ್ಲ ಪಟಪಟ ತೆರೆದುಕೊಂಡವು. ತಿಂಗಳುಗಟ್ಟಲೆ ಗೋಡೆ ನೋಡಿ ಬೇಸತ್ತ ಜನ. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಅದೇ ಹೊತ್ತಿಗೆ ತಿರುವಿನಲ್ಲಿ ಸೈರನ್ ಕೇಳಿಸಿತು. ಲಾರಿ ಬೀದಿಗೆ ಅಡ್ಡ ನಿಂತಿದ್ದರಿಂದ ಆಂಬುಲೆನ್ಸಿನವರು ಇಬ್ಬರು ಇಳಿದು, ಗಾಲಿಕುರ್ಚಿ ಎತ್ತಿಕೊಂಡು ನಡೆದೇ ಬಂದರು.

ಬುಟ್ಟಿ ಕಿಟಕಿಗೆ ಬಂತು. ಫಾದರ್ ಕಣ್ಣು ತೆರೆದು, ಬೆವರು ಒರೆಸಿಕೊಂಡು, "ಕ್ರಿಸ್ತರ ಶಾಂತಿ ನಿಮ್ಮೊಂದಿಗಿರಲಿ" ಎಂದರು. ಅತ್ತೆ ಕಿಟಕಿ ಪಕ್ಕದ ಮಂಚದಲ್ಲೇ ಕೂತು ಸರಳಿನ ನಡುವೆ ಕೈ ಚಾಚಿದ್ದರು. ಅಷ್ಟರಲ್ಲಿ ಫಾದರ್ ಹೆಗಲಾಚೆ ಅವರ ಕಣ್ಣು ಹೋಯಿತು. ಎದುರು ಬಾಲ್ಕನಿಯಲ್ಲಿ ಚಿಕ್ಕತ್ತೆ ಕೈಮುಗಿದು ನಿಂತಿದ್ದರು. ಚಾಚಿದ ಕೈ ಮೆಲ್ಲಗೆ ಹಿಂದಕ್ಕೆ ಬಂತು.

"ಬೇಡ ಫಾದರ್."

ನನಗೆ ಪಿತ್ತ ನೆತ್ತಿಗೇರಿತು. "ಅತ್ತೆ, ಇಷ್ಟೆಲ್ಲ ರಂಪ ಮಾಡಿಸಿ ಈಗ ಬೇಡ್ವಾ?"

"ಒಡಹುಟ್ಟಿದವಳ ಮೇಲೆ ಇಷ್ಟು ವಿಷ ಇಟ್ಕೊಂಡು ಯಾವ ಬಾಯಲ್ಲಿ ತಗೊಳ್ಳಲೇ?" ಎಂದು ಅತ್ತೆ ಏದುಸಿರು ಬಿಟ್ಟರು.

ಫಾದರ್ ಸರಳಿನ ಹತ್ತಿರ ಬಾಗಿದರು. "ರಾತ್ರಿಯೆಲ್ಲ ನಿಮ್ಮ ಕೆಮ್ಮು ಅವರ ಮನೆಗೆ ಕೇಳಿಸ್ತಿತ್ತಂತಮ್ಮ. ಬೆಳಕು ಹರಿಯೋ ಮುಂಚೆ ಬಂದು ನನ್ನ ಬಾಗಿಲು ಬಡಿದ್ರು. ಈ ಸಲ ಬೆಳಗಾಗೋವರೆಗೆ ಕಾಯಲ್ಲ ಅಂದ್ರು. ಶೆಡ್ಡಿಗೆ ನನ್ನ ಎಳ್ಕೊಂಡು ಹೋದವರೂ ಅವರೇ."

ಅತ್ತೆ ಕಿಟಕಿಯ ಪಕ್ಕ ಜೋತಾಡುತ್ತಿದ್ದ ಪರದೆಯನ್ನು ಹಿಡಿದು, ಕೊಂಡಿ ಸಮೇತ ಕಿತ್ತು ನೆಲಕ್ಕೆ ಹಾಕಿದರು.

"ಮುರೀರಿ ಫಾದರ್. ಅರ್ಧ ಅವಳಿಗೆ."

"ತಂದಿರೋದು ಒಂದೇ..."

"ಅದಕ್ಕೇ ಮುರೀರಿ ಅಂದಿದ್ದು. ಮೊದಲು ಅವಳಿಗೆ ಕೊಟ್ಟು ಬನ್ನಿ. ನನ್ನ ಕೈ ಮುಟ್ಟಿದ ಮೇಲೆ ಅವಳ ಹತ್ತಿರ ಹೋಗಬೇಡಿ, ರೋಗ ಅಂಟುತ್ತೆ."

ಆಂಬುಲೆನ್ಸಿನವರು ಮುಂಬಾಗಿಲು ದಬದಬ ಬಡಿದರು. ನಾನು ಓಡಿ ಹೋಗಿ ಚಿಲಕಕ್ಕೆ ಬೆನ್ನು ಕೊಟ್ಟು ನಿಂತೆ. ಅಲ್ಲಿಂದ ಕಿಟಕಿ ಕಾಣುತ್ತಿತ್ತು.

"ಬಾಗಿಲು ತೆಗೀರಿ. ಉಸಿರಾಟ ಕಷ್ಟ ಅಂತ ನೀವೇ ಅಲ್ವಾ ಹೇಳಿದ್ದು?"

"ಹೌದು ನಾನೇ. ಎರಡು ನಿಮಿಷ ನಿಂತರೆ ನಿಮ್ಮ ಗಂಟೇನೂ ಹೋಗಲ್ಲ," ಎಂದು ಗದರಿದೆ.

ಬುಟ್ಟಿ ಕಿಟಕಿಯಿಂದ ದೂರ ಸರಿಯಿತು. ಬೆಳಗ್ಗೆಯಿಂದ ಕಾದದ್ದು ಕೈಗೆಟುಕಿಯೂ ಹಾಗೆ ತೇಲಿ ಹೋಗುವುದನ್ನು ಅತ್ತೆ ಸರಳು ಹಿಡಿದು ನೋಡುತ್ತಿದ್ದರು. ಆಚೆ ಚಿಕ್ಕತ್ತೆ ಮಾಸ್ಕ್ ಇಳಿಸಿ ಅಂಗೈ ಚಾಚಿದ್ದು ಕಂಡಿತು. ಬುಟ್ಟಿ ತಿರುಗಿತು, ಬೀದಿಯ ನಟ್ಟನಡುವೆ ಬಂತು, ಗಕ್ಕನೆ ನಿಂತಿತು.

ಗಂಡ ಹಿಡಿಕೆಯನ್ನು ಜಗ್ಗಿದರು, ಗುದ್ದಿದರು, ಬೈದರು, ಫಾದರ್ ಪಕ್ಕದಲ್ಲಿರುವುದು ನೆನಪಾಗಿ ಬೈಗುಳವನ್ನು ಅರ್ಧಕ್ಕೇ ನುಂಗಿದರು. ನನ್ನ ಬೆನ್ನ ಹಿಂದೆ ಬಾಗಿಲು ಅದುರುತ್ತಿತ್ತು. ಅತ್ತೆಯ ತುಟಿ ನೀಲಿಯಾಗಿತ್ತು. "ದೇವರೇ, ಇನ್ನೊಂದು ಮಾರು," ಎಂದೆ ನಾನು, ಪ್ರಾರ್ಥನೆಯಲ್ಲಿ ಯಾವಾಗಲೂ ತೂಕಡಿಸುವವಳು.

ತೋಳು ಕಿರ್ರೆಂದಿತು. ಬುಟ್ಟಿ ಬಂತು. ಈ ಸಲ ಫಾದರ್ ಕಂಬಿ ಹಿಡಿದಿರಲಿಲ್ಲ, ಕಣ್ಣೂ ಮುಚ್ಚಿರಲಿಲ್ಲ.

"ಕ್ರಿಸ್ತರ ಶರೀರ."

"ಆಮೆನ್," ಎಂದರು ಅತ್ತೆ. ಆ ಚೂರು ಬಾಯಿಗೆ ಹೋದದ್ದನ್ನು ಕಣ್ಣಾರೆ ನೋಡಿ, ಚಿಲಕ ತೆಗೆದೆ.

ಅವರನ್ನು ಕುರ್ಚಿಯಲ್ಲಿ ಕೂರಿಸಿ ಕೆಳಗೆ ಒಯ್ದರು. ನಾನು ಕಿಟಕಿಗೆ ಓಡಿದೆ. ಆಂಬುಲೆನ್ಸಿನ ಬಾಗಿಲಲ್ಲಿ ಅತ್ತೆ ಮೂಗಿನ ಮೇಲಿದ್ದ ಆಕ್ಸಿಜನ್ ಮಾಸ್ಕನ್ನು ಸರಿಸಿ ಎದುರು ಬಾಲ್ಕನಿಯತ್ತ ತಲೆಯೆತ್ತಿದರು. ಅಷ್ಟು ವರ್ಷಗಳ ಮೇಲೆ ತಂಗಿಗೆ ಆಡಿದ ಮೊದಲ ಮಾತು ಅದು.

"ದೊಡ್ಡ ಚೂರು ನಿನಗೇ ಬಂತು. ನಾನು ನೋಡಿದೆ."

ಇಡೀ ಬೀದಿ ಗೊಳ್ಳೆಂದು ನಕ್ಕಿತು. ಚಿಕ್ಕತ್ತೆ ಮಾತ್ರ ನಗಲಿಲ್ಲ. ಕಟಕಟೆಯ ಮೇಲೆ ಬಾಗಿ ಕೂಗಿದರು.

"ಬಾ ಅಕ್ಕ. ವಾಪಸ್ ಬಂದು ಜಗಳ ಆಡು. ಇಲ್ಲೇ ನಿಂತಿರ್ತೀನಿ."

ಆಂಬುಲೆನ್ಸ್ ತಿರುವು ದಾಟಿದ ಮೇಲೂ ಆಕೆ ಅಲ್ಲೇ ನಿಂತಿದ್ದರು, ಈಚೆ ನಾನೂ ನಿಂತಿದ್ದೆ. ಇಬ್ಬರೂ ನಾಚಿಕೆ ಬಿಟ್ಟು ಅತ್ತೆವು.